ದೈತ್ಯ ಮೊಲ ತರುವ ಮೊದಲು ತಿನ್ನುವವರನ್ನು ಹುಡುಕಿ

ಕಳೆದ ತಿಂಗಳು ಅಕ್ಕನ ಮಗ ಮನೆಗೆ ಬಂದಿದ್ದ. ಬೆಂಗಳೂರಿನ ಕೆಲಸ ಬಿಟ್ಟು ಊರು ಸೇರಿ ಎರಡು ವರ್ಷ ಆಯಿತು. ನಮ್ಮ ಸುಳ್ಯದ ಕಡೆ ಹಳದಿ ಎಲೆ ರೋಗದಿಂದ ಅಡಿಕೆ ತೋಟಗಳು ಹೋದ ಕಥೆ ಓದುಗರಿಗೆ ಗೊತ್ತೇ ಇದೆ. ಅಕ್ಕನ ತೋಟವೂ ಅದರಲ್ಲಿ ಒಂದು. ಹಾಗಾಗಿ ಬೇರೆ ಏನಾದರೂ ಮಾಡಬೇಕು ಎಂಬ ಯೋಚನೆ ಅವನದ್ದು. ತಪ್ಪಲ್ಲ. ಊಟ ಆದ ಮೇಲೆ ಮೊಬೈಲು ತೆಗೆದು ತೋರಿಸಿದ. ಯಾರೋ ಒಬ್ಬಾತ ಮೂರು ವರ್ಷದ ಮಗುವನ್ನು ಎತ್ತಿಕೊಂಡ ಹಾಗೆ ಒಂದು ಬೂದು ಮೊಲವನ್ನು ಎರಡೂ ಕೈಯಲ್ಲಿ ಎತ್ತಿ ನಿಂತಿದ್ದಾನೆ. ಅದರ ಕಾಲು ಅವನ ಸೊಂಟದಿಂದ ಕೆಳಗೆ ನೇತಾಡುತ್ತಿದೆ.

"ಮಾವ, ಇದು ಎಂಟು ಕಿಲೋ ಬರ್ತದಂತೆ. ಒಂದು ಯೂನಿಟ್ ತೆಗೊಳ್ಳುವ ಅಂತ ಉಂಟು."

"ಯೂನಿಟ್ಟಿಗೆ ಎಷ್ಟಂತೆ?"

"ಅರುವತ್ತು ಸಾವಿರ. ಮರಿಗಳನ್ನು ಅವರೇ ವಾಪಸ್ ತೆಗೊಳ್ತಾರೆ. ಅಮ್ಮನ ಬಳೆ ಸೊಸೈಟಿಯಲ್ಲಿ ಇಟ್ರೆ ಸಾಕು."

ನಾನು ಏನೂ ಹೇಳಲಿಲ್ಲ. ಹಟ್ಟಿಯ ಹಿಂದೆ ಕರಕೊಂಡು ಹೋದೆ. ಅಲ್ಲಿ ತುಕ್ಕು ಹಿಡಿದ ಜಾಲರಿಯ ಗೂಡುಗಳು ಒಂದರ ಮೇಲೊಂದು ರಾಶಿ ಬಿದ್ದಿವೆ. ಈಗ ಅದರೊಳಗೆ ಕಾಳುಮೆಣಸಿನ ಬಳ್ಳಿಯ ತೊಟ್ಟೆ ಇಡುತ್ತೇವೆ. ಕೋಳಿ ಕೆದಕದ ಹಾಗೆ ಅದು ಒಳ್ಳೆಯದೇ ಆಗಿದೆ. ಆದರೆ ಆ ನರ್ಸರಿಗೆ ನಾನು ಕೊಟ್ಟ ಬೆಲೆ ಒಂದು ಲಕ್ಷ ಹತ್ತು ಸಾವಿರ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

2011ರ ನವೆಂಬರದಲ್ಲಿ ಎರಡು ಯೂನಿಟ್ ತಂದೆ. ಏಳು ಹೆಣ್ಣು, ಮೂರು ಗಂಡು ಸೇರಿದರೆ ಒಂದು ಯೂನಿಟ್. ಇಪ್ಪತ್ತು ಮೊಲಕ್ಕೆ ರೂ. 50,000. ಗೂಡು, ಶೆಡ್ಡು, ನೀರಿನ ನಿಪ್ಪಲ್ ಎಲ್ಲ ಸೇರಿ ಇನ್ನು 60,000. ಮಾರಿದವರು ಕಾಗದದಲ್ಲಿ ಬರೆದು ಕೊಟ್ಟ ಲೆಕ್ಕ ಹೀಗಿತ್ತು: ಹೆಣ್ಣೊಂದು ವರ್ಷಕ್ಕೆ ಆರು ಸಲ ಮರಿ ಹಾಕುತ್ತದೆ, ಸಲಕ್ಕೆ ಆರು ಮರಿ. ಹದಿನಾಲ್ಕು ಹೆಣ್ಣಿಗೆ 504 ಮರಿ. ತಲಾ ಎರಡು ಕಿಲೋದಂತೆ, ಕಿಲೋಗೆ 150 ರೂಪಾಯಿಗೆ ಅವರೇ ಖರೀದಿಸಿದರೆ ರೂ. 1,51,200. ಗುಣಾಕಾರದಲ್ಲಿ ತಪ್ಪಿರಲಿಲ್ಲ. ನಾನೂ ಎರಡು ಸಲ ಮಾಡಿ ನೋಡಿದ್ದೆ.

ಆ ಕಾಗದದಲ್ಲಿ ಹೆಸರುಗಳೂ ಗಟ್ಟಿಯೇ. ಸೋವಿಯತ್ ಚಿಂಚಿಲ್ಲಾ, ವೈಟ್ ಜಯಂಟ್, ಗ್ರೇ ಜಯಂಟ್. ಹೆಸರು ಸುಳ್ಳಲ್ಲ. ರಾಜಸ್ಥಾನದ ಅವಿಕಾನಗರದಲ್ಲಿ ಕುರಿ ಮತ್ತು ಉಣ್ಣೆಯ ಕೇಂದ್ರೀಯ ಸಂಶೋಧನಾ ಸಂಸ್ಥೆ ಇದೆ. ಅದರ ದಕ್ಷಿಣದ ಕೇಂದ್ರ ಕೊಡೈಕನಾಲಿನ ಮೇಲೆ ಮನ್ನವನೂರಿನಲ್ಲಿದೆ. ಮಾಂಸದ ಮೊಲಗಳನ್ನು ವರ್ಷಗಟ್ಟಲೆ ಸಾಕಿ ರೈತರಿಗೆ ಕೊಟ್ಟವರು ಅವರು. ಆದರೆ ನಮ್ಮಲ್ಲಿ ಸಿಗುವ ಈ ಜಯಂಟುಗಳು ಬೆಳೆದು ನಿಂತಾಗ ನಾಲ್ಕು, ಹೆಚ್ಚೆಂದರೆ ಐದು ಕಿಲೋದ ಆಸುಪಾಸು. ನನ್ನಲ್ಲಿದ್ದ ಅತಿ ದೊಡ್ಡ ಹೆಣ್ಣು 4.6 ಕಿಲೋ ತೂಗಿತ್ತು. ಮೊಬೈಲಿನಲ್ಲಿ ಕಾಣುವ ಎಂಟು ಕಿಲೋದ್ದು ಬೇರೆ ಜಾತಿ. ಬೆಲ್ಜಿಯಂನ ಫ್ಲಾಂಡರ್ಸ್ ಸೀಮೆಯ ಫ್ಲೆಮಿಶ್ ಜಯಂಟ್, ಅದರ ನೆಂಟರಾದ ಕಾಂಟಿನೆಂಟಲ್ ಜಯಂಟ್, ಜರ್ಮನಿಯ ಬೂದು ಜಯಂಟ್, ಇಂಥವು. ಒಂದರ ಫೋಟೋ ತೋರಿಸಿ ಇನ್ನೊಂದನ್ನು ಕೊಡುವುದಕ್ಕೆ 'ಜಯಂಟ್' ಎಂಬ ಒಂದೇ ಮಾತು ಸಾಕಾಗುತ್ತದೆ.

ಸಾಕುವ ಸಂತೋಷ ಇಲ್ಲವೆಂದು ಹೇಳಲಾರೆ. ಮೊದಲ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಮೊಲದ್ದೇ ಮಾತು. ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಬೇಕು. ಗಂಡನ್ನು ಹೆಣ್ಣಿನ ಗೂಡಿಗೆ ಬಿಟ್ಟರೆ ಜಗಳವೇ ಆಗುವುದು. ಮೂವತ್ತೊಂದು ದಿನಕ್ಕೆ ಮರಿ. ಅದಕ್ಕೆ ಮೊದಲು ತಾಯಿ ತನ್ನ ಎದೆಯ ರೋಮ ಕಿತ್ತು ಪೆಟ್ಟಿಗೆಯಲ್ಲಿ ಹಾಸಿಗೆ ಮಾಡುತ್ತದೆ. ಮರಿ ಹುಟ್ಟುವಾಗ ಬತ್ತಲೆ, ಕಣ್ಣು ಮುಚ್ಚಿರುತ್ತದೆ. ತಾಯಿ ದಿನವಿಡೀ ಆ ಕಡೆ ಹೋಗುವುದೇ ಇಲ್ಲ. ಬಿಟ್ಟೇಬಿಟ್ಟಿತು ಎಂದು ನಾನು ಹೆದರಿ ದನದ ಡಾಕ್ಟರಿಗೆ ಫೋನು ಮಾಡಿದ್ದೆ. ಅವರು ನಕ್ಕರು. ಮೊಲ ದಿನಕ್ಕೆ ಒಂದೇ ಸಲ, ಅದೂ ನಾಲ್ಕೈದು ನಿಮಿಷ ಹಾಲು ಕೊಡುವುದಂತೆ. ಬೆಳಿಗ್ಗೆ ಮರಿಯ ಹೊಟ್ಟೆ ಉಬ್ಬಿದ್ದರೆ ಹಾಲು ಸಿಕ್ಕಿದೆ ಎಂದು ಅರ್ಥ. ಇದನ್ನೆಲ್ಲ ಕಲಿಯುತ್ತಾ ಹೋಗುವುದು ಒಂದು ಚಂದ.

ಒಂದು ರಾತ್ರಿ ಇರುವೆ ಬಂದು ಎರಡು ಪೆಟ್ಟಿಗೆಯ ಮರಿಗಳನ್ನು ಮುಗಿಸಿತು. ಮತ್ತೆ ಗೂಡಿನ ಕಾಲಿಗೆಲ್ಲ ಎಣ್ಣೆಯ ಡಬ್ಬಿ ಇಟ್ಟೆವು. ಆಮೇಲೆ ಬಂದದ್ದು ಮಾರ್ಚ್, ಎಪ್ರಿಲ್. ಕರಾವಳಿಯ ಸೆಕೆ ಮನುಷ್ಯರಿಗೇ ಕಷ್ಟ. ಮೊಲ ಬೆವರುವ ಪ್ರಾಣಿ ಅಲ್ಲ. ಕಿವಿಯಿಂದಲೇ ಮೈಯ ಬಿಸಿ ಹೊರಗೆ ಹಾಕಬೇಕು. ಉಷ್ಣತೆ ಮೂವತ್ತು ಡಿಗ್ರಿ ದಾಟಿದ ಮೇಲೆ ಮೂಗು ಪಟಪಟ ಹೊಡೆಯುತ್ತಾ ಬಿದ್ದುಕೊಂಡಿರುತ್ತದೆ. ದೊಡ್ಡ ಮೈಯದಕ್ಕೆ ಇನ್ನೂ ಕಷ್ಟ. ಆ ಬೇಸಿಗೆಯಲ್ಲಿ ಎಷ್ಟು ಸಲ ಕೂಡಿಸಿದರೂ ಹೆಣ್ಣುಗಳು ಗಬ್ಬ ನಿಲ್ಲಲಿಲ್ಲ. ಹೆಣ್ಣುಗಳದ್ದೇ ದೋಷ ಎಂದು ನಾನು ಎರಡನ್ನು ಕೊಂದು ತಿಂದದ್ದೂ ಆಯಿತು. ತಪ್ಪು ಗಂಡಿನದ್ದಾಗಿತ್ತು! ಸೆಕೆಗೆ ಗಂಡಿನ ವೀರ್ಯ ಕೆಡುತ್ತದೆ, ತಂಪಾದ ಮೇಲೆ ಒಂದೂವರೆ ಎರಡು ತಿಂಗಳು ಬೇಕು ಸರಿಯಾಗಲು. ಮಾರಿದವರ ಕಾಗದದಲ್ಲಿ ವರ್ಷಕ್ಕೆ ಹನ್ನೆರಡು ತಿಂಗಳಿತ್ತು. ನಮ್ಮ ಊರಿನ ಗಂಡುಮೊಲದ ವರ್ಷಕ್ಕೆ ಒಂಬತ್ತೇ ತಿಂಗಳು. ಮನ್ನವನೂರು ಬೆಟ್ಟದ ಮೇಲಿನ ತಂಪು ಊರು. ನಮ್ಮದು ಹಾಗಲ್ಲ ಎಂಬುದನ್ನು ನಾನು ಆಗ ಯೋಚಿಸಲಿಲ್ಲ.

ಇನ್ನೊಂದು, ಕಾಲಿನ ಹುಣ್ಣು. ಜಾಲರಿಯ ಮೇಲೆ ಭಾರದ ಮೊಲ ಕೂತು ಕೂತು ಹಿಂಗಾಲಿನ ಅಡಿ ರೋಮ ಸವೆದು ಹುಣ್ಣಾಗುತ್ತದೆ. ಸಣ್ಣ ತಳಿಗೆ ಇದು ಕಡಿಮೆ. ನಾಲ್ಕು ಕಿಲೋ ಮೇಲಿನದ್ದರಲ್ಲಿ ಮೂರಕ್ಕೆ ಒಂದಕ್ಕೆ ಬಂತು ನನ್ನಲ್ಲಿ. ಕಾಲು ನೋಯುವ ಗಂಡು ಕೂಡುವುದಿಲ್ಲ, ಹೆಣ್ಣು ಮೇವು ತಿನ್ನುವುದಿಲ್ಲ. ಒಂದೊಂದು ಹಲಗೆ ತುಂಡು ಹಾಕಿಕೊಟ್ಟ ಮೇಲೆ ಸ್ವಲ್ಪ ವಾಸಿ. ಕಿವಿಯ ಕಜ್ಜಿ, ಮಳೆಗಾಲದಲ್ಲಿ ಒದ್ದೆ ಹುಲ್ಲು ತಿಂದು ಭೇದಿ, ಶೀತದ ಮೂಗು ಸೋರುವಿಕೆ, ಇವೆಲ್ಲ ಇದ್ದದ್ದೇ. ಅದಕ್ಕೆ ಮದ್ದು ಉಂಟು.

ಮದ್ದಿಲ್ಲದ ವಿಷಯಕ್ಕೆ ಈಗ ಬರುತ್ತೇನೆ.

ಮೊದಲ ವರ್ಷ ಬದುಕಿ ಹಾಲು ಬಿಟ್ಟ ಮರಿ 212. ಕಾಗದದ 504 ಅಲ್ಲ, ಆದರೂ ಕಡಿಮೆಯಲ್ಲ. 2012ರ ಮೇಯಲ್ಲಿ ವ್ಯಾನು ಬಂದು 38 ಮೊಲ ಒಯ್ದರು, ಚೆಕ್ಕು ಕೊಟ್ಟರು, ಪಾಸಾಯಿತು. ನಾನು ಊರಿಡೀ ಹೇಳಿದೆ. ಸೆಪ್ಟೆಂಬರಿನಲ್ಲಿ 51 ಒಯ್ದರು. ಆ ಹಣ ಎರಡು ಕಂತಿನಲ್ಲಿ ಬಂತು. ಅಷ್ಟರೊಳಗೆ ನನ್ನ ಮಾತು ಕೇಳಿ ಪಕ್ಕದೂರಿನ ಮೂರು ಜನ ಯೂನಿಟ್ ತಂದಾಗಿತ್ತು. 2013ರ ಜನವರಿಯಲ್ಲಿ ಗೂಡಿನಲ್ಲಿ 110 ಮೊಲ ತೂಕಕ್ಕೆ ಬಂದು ನಿಂತಿದ್ದವು. ವ್ಯಾನು ಬರಲಿಲ್ಲ. ಫೋನು ಎರಡು ವಾರ ಬ್ಯುಸಿ, ಮತ್ತೆ ಸ್ವಿಚ್ ಆಫ್. ಆಫೀಸು ಇದ್ದಲ್ಲಿಗೆ ಹೋಗಿ ನೋಡಿದರೆ ಶಟರು ಎಳೆದು ಬಾಡಿಗೆಗೆ ಇದೆ ಎಂಬ ಬೋರ್ಡು.

ಈಗ ಯೋಚಿಸಿದರೆ ಅವರು ಕೊಂಡುಹೋದ ನನ್ನ ಮೊಲಗಳು ಎಲ್ಲಿಗೆ ಹೋದವು ಎಂಬುದು ಸ್ಪಷ್ಟ. ಮಾಂಸದಂಗಡಿಗೆ ಅಲ್ಲ. ಇನ್ನೊಬ್ಬ ರೈತನಿಗೆ 'ಯೂನಿಟ್' ಆಗಿ. ನನ್ನ ಹತ್ತಿರ ಒಂದಕ್ಕೆ 300 ರೂಪಾಯಿಗೆ ತೆಗೊಂಡದ್ದು ಅಲ್ಲಿ 2,500. ಹೊಸ ರೈತ ಸಿಗುವಷ್ಟು ದಿನ ಹಳೆ ರೈತನ ಮರಿಗೆ ಬೆಲೆ. ಸಿಗದ ದಿನ ಶಟರು. ಇದು ಮೊಲ ಸಾಕಣೆ ಅಲ್ಲ. ಎಮು ಹಕ್ಕಿಯಲ್ಲೂ ತಮಿಳುನಾಡಿನಲ್ಲಿ 2012ರಲ್ಲಿ ಆದದ್ದು ಇದೇ. ಅಲ್ಲಿಯೂ ಯಾರೂ ತಿನ್ನುವವರನ್ನು ಮೊದಲು ಹುಡುಕಲಿಲ್ಲ.

ನಾನು ಹುಡುಕಲು ಹೊರಟದ್ದು ಗೂಡು ತುಂಬಿದ ಮೇಲೆ. ಪೇಟೆಯ ಕೋಳಿ ಅಂಗಡಿಯವನ ಹತ್ತಿರ ಕೇಳಿದೆ. "ಮೊಲ ಅಂದ್ರೆ ಫಾರೆಸ್ಟಿನವರು ಬರ್ತಾರೆ ಅಣ್ಣಾ, ನಂಗೆ ಬೇಡ" ಅಂದ. ಅವನ ಹೆದರಿಕೆಗೆ ಕಾರಣ ಇಲ್ಲದಿಲ್ಲ. ಕಾಡುಮೊಲಕ್ಕೆ 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ. ಅದು ಬೇರೆ ಪ್ರಾಣಿ, ಅದರ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟು ರೋಮ ಹೊತ್ತು ಬರುತ್ತದೆ, ಸಾಕುಮೊಲ ಯುರೋಪಿನದ್ದು ಎಂದೆಲ್ಲ ನಾನು ಪಾಠ ಮಾಡಿದೆ. ಸಿಪ್ಪೆ ಸುಲಿದು ನೇತು ಹಾಕಿದ ಮೇಲೆ ಎರಡೂ ಒಂದೇ ಅಲ್ವಾ ಎಂದು ಕೇಳಿದ. ಉತ್ತರ ಹೊಳೆಯಲಿಲ್ಲ. ಹೋಟೆಲಿನವರು ತಿಂಗಳಿಗೆ ಎರಡು ಸಾಕೆಂದರು. ಶಿಕಾರಿ ಮಾಂಸದ ರುಚಿ ಬಲ್ಲ ಹಿರಿಯರೊಬ್ಬರು ತಿಂದು ನೋಡಿ, "ಇದು ಮೊಲವೂ ಅಲ್ಲ ಕೋಳಿಯೂ ಅಲ್ಲ ಮಾರಾಯ" ಎಂದರು. ಹೌದು, ಬಿಳಿ ಮಾಂಸ, ಕೊಬ್ಬು ಕಡಿಮೆ, ಮಸಾಲೆ ಹಿಡಿಯುತ್ತದೆ, ನಮಗೆ ರುಚಿಯೇ ಆಯಿತು. ಆದರೆ ನಮ್ಮ ಜನ ದುಡ್ಡು ಕೊಡುವುದು ನೆನಪಿನ ರುಚಿಗೆ. ಅದು ಇದರಲ್ಲಿ ಇಲ್ಲ.

ಸಾಲದ್ದಕ್ಕೆ 2014ರಲ್ಲಿ ಇನ್ನೊಂದು ತಾಪತ್ರಯ. ಮಾಂಸಕ್ಕಾಗಿ ಕಡಿಯಬಹುದಾದ ಪ್ರಾಣಿಗಳ ಹೆಸರು ಆಹಾರ ಸುರಕ್ಷತೆಯ ಕೇಂದ್ರ ನಿಯಮದಲ್ಲಿ ಪಟ್ಟಿ ಮಾಡಿದೆ. ಆ ಪಟ್ಟಿಯಲ್ಲಿ ಮೊಲ ಇರಲಿಲ್ಲ. ಹಾಗಾಗಿ ಮೊಲ ಕಡಿಯುವ ಹಾಗಿಲ್ಲ ಎಂದಾಯಿತು. ಸರಕಾರದ ಸಂಸ್ಥೆಯೇ ತಳಿ ಕೊಡುವುದು, ಸರಕಾರದ ನಿಯಮವೇ ಕಡಿಯಬೇಡ ಅನ್ನುವುದು! ತಿನ್ನುವವರೂ ಸಾಕುವವರೂ ಇದ್ದ ಕೇರಳದಲ್ಲಿ ರೈತರು ಗಲಾಟೆ ಎಬ್ಬಿಸಿದರು. ಮುಂದೆ ಪಟ್ಟಿಗೆ ಸಾಕುಮೊಲದ ಹೆಸರೂ ಸೇರಿತು. ಈಗ ಆ ಅಡ್ಡಿ ಇಲ್ಲ. ಆದರೆ ಗೂಡಿನಲ್ಲಿರುವ ಮೊಲಕ್ಕೆ ಹೊಟ್ಟೆ ಇದೆ, ನಿಯಮ ಬದಲಾಗುವವರೆಗೆ ಅದು ಉಪವಾಸ ಕೂರುವುದಿಲ್ಲ. ನಾನು ಆ ವರ್ಷ ಅಂಗಡಿ ಮುಚ್ಚಿದೆ.

'ದೊಡ್ಡದು' ಎಂಬ ಮರುಳಿನ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳಬೇಕು. ನನ್ನ ಡೈರಿಯ ಲೆಕ್ಕ ಇದು. ಹಾಲು ಬಿಟ್ಟ ಮರಿ ಹದಿಮೂರು ವಾರಕ್ಕೆ ಎರಡು ಕಿಲೋ ಆಗುವಾಗ ತಿಂದ ಪೆಲೆಟ್ ನಾಲ್ಕೂವರೆ ಕಿಲೋ. ಆಗಿನ ದರ ಕಿಲೋಗೆ ರೂ. 17. ತಾಯಿ, ಗಂಡು, ಮದ್ದಿನ ಪಾಲು ಸೇರಿಸಿದರೆ ಮೊಲವೊಂದಕ್ಕೆ ಹೆಚ್ಚುಕಡಿಮೆ ರೂ. 140. ಹುಲ್ಲು, ಹಲಸಿನ ಸೊಪ್ಪು, ಹಾಲುವಾಣದ ಸೊಪ್ಪು ತೋಟದ್ದೇ, ಅದಕ್ಕೆ ಲೆಕ್ಕ ಹಾಕಲಿಲ್ಲ. ಇನ್ನೂ ದೊಡ್ಡದಾಗಲಿ ಎಂದು ಬಿಟ್ಟದ್ದು ನಾಲ್ಕು ಕಿಲೋ ಮುಟ್ಟಿದ್ದು ಎಂಟನೇ ತಿಂಗಳಿಗೆ. ಆ ಎರಡನೇ ಎರಡು ಕಿಲೋಕ್ಕೆ ಬರೇ ಪೆಲೆಟ್ ಹದಿನೆಂಟು ಕಿಲೋ, ರೂ. 306. ಕಡಿದ ಮೇಲೆ ಮಾಂಸ ಅರ್ಧ. ಎಲುಬು, ಚರ್ಮ, ಕರುಳು ಉಳಿದರ್ಧ. ದೈತ್ಯ ತಳಿಯ ಎಲುಬೂ ದೈತ್ಯವೇ ಅಲ್ಲವೇ? ಅದಕ್ಕೇ ಮಾಂಸಕ್ಕಾಗಿಯೇ ಸಾಕುವ ದೇಶಗಳಲ್ಲಿ ಹೆಚ್ಚಿನವರು ನಂಬಿದ್ದು ನ್ಯೂಜಿಲೆಂಡ್ ವೈಟ್, ಕ್ಯಾಲಿಫೋರ್ನಿಯನ್ ಎಂಬ ನಡುಗಾತ್ರದ ತಳಿಗಳನ್ನು, ಅದನ್ನೂ ಎಳೆಯದರಲ್ಲೇ ಕಡಿದು. ದೈತ್ಯಗಳನ್ನು ಅವರು ಇಟ್ಟುಕೊಂಡದ್ದು ಪ್ರದರ್ಶನಕ್ಕೆ, ಹೆಚ್ಚೆಂದರೆ ಅಡ್ಡತಳಿ ಮಾಡಲಿಕ್ಕೆ.

ನಾನೊಬ್ಬನೇ ಮರುಳಾದದ್ದಲ್ಲ ಎಂದು ಸಮಾಧಾನ ಕೊಟ್ಟ ಸುದ್ದಿ ಒಂದಿದೆ. ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನಲ್ಲಿ ಕಾರ್ಲ್ ಶ್ಮೊಲಿನ್ಸ್ಕಿ ಎಂಬ ವೃದ್ಧರು ಬೂದು ದೈತ್ಯ ಮೊಲ ಸಾಕುತ್ತಿದ್ದರು. ಅವರ 'ರಾಬರ್ಟ್' ಎಂಬ ಮೊಲ ಹತ್ತೂವರೆ ಕಿಲೋ ತೂಗಿ 2006ರಲ್ಲಿ ಬಹುಮಾನ ಪಡೆಯಿತು. ಅದರ ಫೋಟೋ ನೋಡಿ ಉತ್ತರ ಕೊರಿಯಾದವರು ಬಂದರು. ಜನರಿಗೆ ಊಟಕ್ಕಿಲ್ಲ, ಇದರ ತಳಿ ಬೆಳೆಸುತ್ತೇವೆ ಎಂದು. ಮುದುಕರು ಎಂಟು ಹೆಣ್ಣು ನಾಲ್ಕು ಗಂಡು ಕೊಟ್ಟರು, ಅದೂ ಮಾಮೂಲು ಬೆಲೆಗಿಂತ ತುಂಬ ಕಮ್ಮಿಗೆ. 2007ರ ಎಪ್ರಿಲಿನಲ್ಲಿ ಅಲ್ಲಿಗೆ ಹೋಗಿ ಸಾಕುವುದನ್ನು ಕಲಿಸುವುದೆಂದು ನಿಶ್ಚಯವಾಗಿತ್ತು. ಹೊರಡುವ ಮೊದಲೇ ಬರುವುದು ಬೇಡ ಎಂದು ಸುದ್ದಿ ಬಂತು. ಆ ಮೊಲಗಳು ಅಲ್ಲಿನ ನಾಯಕರ ಹುಟ್ಟುಹಬ್ಬದ ಊಟಕ್ಕೆ ಹೋಗಿರಬೇಕೆಂದು ಮುದುಕರಿಗೆ ಸಂಶಯ. ಅದು ಊಹೆ ಮಾತ್ರ ಎಂದು ಅವರೇ ಹೇಳಿದ್ದರು, ಕೊರಿಯಾದವರು ಅಲ್ಲಗಳೆದರು.

ಪತ್ರಿಕೆಗಳು ಇದನ್ನು ನಗೆಯ ಸುದ್ದಿ ಮಾಡಿದವು. ನನಗೆ ನಗು ಬರಲಿಲ್ಲ. ಅಷ್ಟು ದೊಡ್ಡ ಮೊಲಕ್ಕೆ ದಿನವೂ ಧಾನ್ಯ, ಬೇರು, ಒಳ್ಳೆ ಹುಲ್ಲು ಬೇಕು. ಮನುಷ್ಯನಿಗೇ ಧಾನ್ಯ ಇಲ್ಲದ ಊರಿನಲ್ಲಿ ಅದನ್ನು ಮಾಂಸ ಮಾಡುವುದೆಂದರೆ ಅಕ್ಕಿಯನ್ನು ಹಾಳು ಮಾಡಿ ಅವಲಕ್ಕಿ ಮಾಡಿದ ಹಾಗಲ್ಲ, ಅಕ್ಕಿ ಮುಡಿಯನ್ನೇ ಕೊಟ್ಟು ಒಂದು ಸೇರು ಅವಲಕ್ಕಿ ತಂದ ಹಾಗೆ. ಒಂದು ದೇಶವೇ ಫೋಟೋ ನೋಡಿ ಮರುಳಾಗುವುದಾದರೆ ನನ್ನ ಅಳಿಯ ಯಾವ ಲೆಕ್ಕ!

ಮಾಂಸಕ್ಕಾಗದಿದ್ದರೆ ಮುದ್ದಿಗಾದರೂ ಮಾರಬಹುದಲ್ಲ ಎಂದು ಅವನು ಕೇಳಿದ. ಪೇಟೆಯವರು ಸಾಕಲು ತೆಗೊಳ್ಳುತ್ತಾರೆ, ನಿಜ. ನಾನೂ ನಲವತ್ತರಷ್ಟು ಮರಿ ಹಾಗೆ ಕೊಟ್ಟೆ. ಅದರಲ್ಲಿ ಐದಾರು ಜನ ಎರಡು ತಿಂಗಳೊಳಗೆ ಫೋನು ಮಾಡಿ "ವಾಪಸ್ ತೆಗೊಳ್ತೀರಾ?" ಎಂದು ಕೇಳಿದ್ದರು. ಮರಿ ಇದ್ದಾಗ ಅಂಗೈಯಲ್ಲಿ ಕೂರುತ್ತದೆ. ಬೆಳೆದ ಮೇಲೆ ವಯರು ಕಡಿಯುತ್ತದೆ, ಫ್ಲಾಟಿನಲ್ಲಿ ಮೂತ್ರದ ವಾಸನೆ. ದೊಡ್ಡ ತಳಿಗೆ ಕೋಳಿ ಗೂಡಿನಷ್ಟು ಜಾಗ ಸಾಲದು, ಓಡಾಡಲು ಒಂದು ಕೋಣೆಯೇ ಬೇಕು. ಮತ್ತೆ ಅದರ ಆಯುಷ್ಯವೂ ಸಣ್ಣ ತಳಿಗಿಂತ ಕಡಿಮೆ. ಇಂಗ್ಲೆಂಡಿನ ಡೇರಿಯಸ್ ಎಂಬ ಕಾಂಟಿನೆಂಟಲ್ ಜಯಂಟ್ ಮೊಲ 129 ಸೆಂಟಿಮೀಟರ್ ಉದ್ದವಿದ್ದು 2010ರಲ್ಲಿ ಗಿನ್ನೆಸ್ ದಾಖಲೆ ಸೇರಿತ್ತು. 2021ರಲ್ಲಿ ಅದನ್ನು ಮನೆಯಂಗಳದ ಗೂಡಿನಿಂದ ಯಾರೋ ಕದ್ದರು. ಅದರ ಮಗ ಸೈಮನನ್ನು 2017ರಲ್ಲಿ ಅಮೇರಿಕದ ಗಿರಾಕಿಗೆಂದು ವಿಮಾನದಲ್ಲಿ ಕಳಿಸಿದರೆ ದಾರಿಯಲ್ಲಿ, ಶಿಕಾಗೋದಲ್ಲಿ, ಸತ್ತೇಹೋಯಿತು. ಅಂಥ ಮೊಲಕ್ಕೆ ಗಿರಾಕಿ ಇರುವುದು ಪ್ರಪಂಚದಲ್ಲಿ ಬೆರಳೆಣಿಕೆ. ಅವರು ಸುಳ್ಯಕ್ಕೆ ಬರುವುದಿಲ್ಲ.

ನಮ್ಮ ಮನೆಯಲ್ಲಿ ಒಂದು ಉಳಿಯಿತು. ಬಿಳಿ ಹೆಣ್ಣು, ಸಣ್ಣ ಮಗಳು ಅದಕ್ಕೆ ಬೆಳ್ಳಿ ಎಂದು ಹೆಸರಿಟ್ಟಿದ್ದಳು. ಹೆಸರಿಟ್ಟ ಮೇಲೆ ಮುಗಿಯಿತಲ್ಲ. ಅದರ ಮರಿಗಳ ಸಾರು ಮಾಡಿದ ದಿನ ಅವಳು ಮಜ್ಜಿಗೆ ಊಟ ಮಾಡಿ ಎದ್ದು ಹೋಗುತ್ತಿದ್ದಳು. ಒಂದೇ ಶೆಡ್ಡಿನಲ್ಲಿ ಮಾಂಸಕ್ಕೂ ಮುದ್ದಿಗೂ ಸಾಕುವುದು ಬಾಯಲ್ಲಿ ಹೇಳುವಷ್ಟು ಸುಲಭ ಅಲ್ಲ. ಬೆಳ್ಳಿ 2017ರವರೆಗೆ ಇತ್ತು.

ಹಾಗಾದರೆ ಮೊಲವೇ ಬೇಡವೆ? ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಲ್ಲ. ಮಾಂಸ ತಿನ್ನುವ ಮನೆಯವರು ಮೂರು ಹೆಣ್ಣು, ಒಂದು ಗಂಡು ಇಟ್ಟುಕೊಳ್ಳಿ. ಅಡಿಕೆ ಮರದ ನೆರಳಿನಲ್ಲಿ ಸೋಗೆ ಮಾಡು ಹಾಕಿ. ದೊಡ್ಡ ಗಾತ್ರ ಬೇಡ, ಎರಡು ಕಿಲೋಗೆ ಕಡಿಯಿರಿ. ಮನೆಗೆ ವಾರಕ್ಕೊಂದು, ನೆರೆಕರೆಗೆ ಒಂದು. ಹಿಕ್ಕೆ ಒಳ್ಳೆಯ ಗೊಬ್ಬರ, ಎರೆಹುಳದ ತೊಟ್ಟಿಗೆ ಹಾಗೇ ಹಾಕಬಹುದು. ನಮ್ಮ ಮೆಣಸಿನ ಬಳ್ಳಿ ಆ ಮೂರು ವರ್ಷ ಇದ್ದ ಹಾಗೆ ಮತ್ತೆ ಇಲ್ಲ. ಅಷ್ಟಕ್ಕೆ ಅರುವತ್ತು ಸಾವಿರ ಬೇಡ, ಅಕ್ಕನ ಬಳೆಯಂತೂ ಬೇಡವೇ ಬೇಡ. ತಿನ್ನುವವರ ಸಂಖ್ಯೆ ಏರಿದ ಹಾಗೆ ಗೂಡು ಏರಿಸಿದರೆ ಆಯಿತು.

ಇನ್ನೊಂದು ಮಾತು, ಪತ್ರಿಕೆಯವರಿಗೂ ನಮಗೂ. ಮೊದಲ ಚೆಕ್ಕು ಪಾಸಾದ ವಾರ ನನ್ನ ಬಗ್ಗೆ ಒಂದು ಪೇಪರಿನಲ್ಲಿ ಫೋಟೋ ಸಮೇತ ಬಂದಿತ್ತು. 'ಮೊಲದಿಂದ ಮಾಸಿಕ ಆದಾಯ' ಎಂದು ತಲೆಬರಹ. ಅದನ್ನು ಓದಿ ಫೋನು ಮಾಡಿದವರು ನೂರಕ್ಕೆ ಕಡಿಮೆ ಇರಲಿಕ್ಕಿಲ್ಲ. ಶಟರು ಬಿದ್ದ ಮೇಲೆ ಯಾರೂ ಬರಲಿಲ್ಲ, ನಾನೂ ಕರೆಯಲಿಲ್ಲ. ನಾಚಿಕೆ. ನನ್ನ ಮಾತು ಕೇಳಿ ಯೂನಿಟ್ ತಂದ ಆ ಮೂರು ಜನರಲ್ಲಿ ಒಬ್ಬರು ಇವತ್ತಿಗೂ ನನ್ನಲ್ಲಿ ಮಾತಾಡುವುದಿಲ್ಲ. ಹೊಸ ಸಾಕಣೆಯ ಲೇಖನ ಪ್ರಕಟಿಸುವ ಮೊದಲು ಮೂರು ವರ್ಷ ಆಗಿದೆಯೇ ಎಂದು ಕೇಳಬೇಕು. ತಳಿ ಮಾರಿದ ಹಣ ಎಷ್ಟು, ಮಾಂಸ ಮಾರಿದ ಹಣ ಎಷ್ಟು ಎಂದು ಬೇರೆ ಬೇರೆ ಕೇಳಬೇಕು.

ಅಳಿಯ ಅವತ್ತು ನನ್ನೆದುರೇ ಆ ಕಂಪೆನಿಗೆ ಫೋನು ಮಾಡಿದ. ನಾನು ಹೇಳಿಕೊಟ್ಟ ಒಂದೇ ಪ್ರಶ್ನೆ ಕೇಳಿದ: ಹೋದ ತಿಂಗಳು ಎಷ್ಟು ಕಿಲೋ ಮಾಂಸ ಮಾರಿದ್ದೀರಿ, ಯಾವ ಅಂಗಡಿಗೆ? ಸರ್ ಮೀಟಿಂಗಿನಲ್ಲಿದ್ದಾರೆ, ಆಮೇಲೆ ಮಾಡ್ತಾರೆ ಅಂದರು. ಇದು ಬರೆಯುವವರೆಗೆ ಮಾಡಿಲ್ಲ. ಅವನು ಶೆಡ್ಡಿಗೆಂದು ಹುಗಿದ ಕಂಬಗಳು ಹಾಗೇ ನಿಂತಿವೆ. ಆಡು ಕಟ್ಟಿದರೆ ಹೇಗೆ ಎಂದು ಈಗ ಕೇಳುತ್ತಿದ್ದಾನೆ. ಅದು ನನಗೆ ಗೊತ್ತಿಲ್ಲದ ವಿಷಯ.

ತಳಿ ಮಾರದೆ, ಬರೇ ಮಾಂಸ ಮಾರಿ ಮೂರು ವರ್ಷಕ್ಕಿಂತ ಹೆಚ್ಚು ಮೊಲ ಸಾಕಿದವರು ಓದುಗರಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಖರ್ಚಿನ ಲೆಕ್ಕ ಸಮೇತ.